ಮೂರನೇ ಮಹಡಿಯಿಂದ ಹಕ್ಕಿ ನೋಡೋದು: ಶುರು ಹೇಗೆ?

ಪ್ರಶ್ನೆ: ರಾಜಾಜಿನಗರದಲ್ಲಿ ಬಾಡಿಗೆ ಮನೆ, ಮೂರನೇ ಮಹಡಿ. ಹಕ್ಕಿ ನೋಡುವ ಆಸೆ ಮೊದಲಿನಿಂದಲೂ ಇದೆ. ಬೆಳಿಗ್ಗೆ ಮಗಳನ್ನು ಶಾಲೆಗೆ ಹೊರಡಿಸುವ ಮುಂಚೆ ಅರ್ಧ ಗಂಟೆ ಸಿಗುತ್ತದೆ, ಅಷ್ಟೇ. ಕ್ಯಾಮೆರಾ ಕೊಳ್ಳಬೇಕಾ? ಇಲ್ಲಿ ಕಾಗೆ, ಪಾರಿವಾಳ ಬಿಟ್ಟು ಬೇರೆ ಏನಾದರೂ ಕಾಣುತ್ತದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ:

ಕ್ಯಾಮೆರಾ ಈಗಲೇ ಬೇಡ ಮೇಡಂ. ನಾನು ಅದನ್ನೇ ಮೊದಲು ಕೊಂಡೆ. ಒಂದು ವರ್ಷ ಫೋಟೊ ತೆಗೆದೆ, ಹಕ್ಕಿಗಳ ಪರಿಚಯ ಮಾತ್ರ ಆಗಲಿಲ್ಲ. ಚೆನ್ನಾಗಿ ಬಂತಾ ಅಂತ ನೋಡುವುದರಲ್ಲೇ ಹಕ್ಕಿ ಹಾರಿ ಹೋಗಿರುತ್ತಿತ್ತು. ಅದು ಏನು ತಿನ್ನುತ್ತಿದೆ, ಯಾರನ್ನು ಓಡಿಸುತ್ತಿದೆ ಅನ್ನೋದು ಗಮನಕ್ಕೇ ಬರುತ್ತಿರಲಿಲ್ಲ. ನೀವು ಕಿವಿಯಿಂದ ಶುರು ಮಾಡಿ. ಅದಕ್ಕೆ ಅರ್ಧ ಗಂಟೆ ಧಾರಾಳ ಸಾಕು.

ನಮ್ಮ ಮನೆ ಬಸವನಗುಡಿಯಲ್ಲಿ. ಎದುರಿಗೆ ಒಂದು ಹೊಂಗೆ ಮರ, ಅದರಾಚೆ ಒಂದು ಗಸಗಸೆ ಹಣ್ಣಿನ ಮರ. ಬೇಸಿಗೆ ಶುರುವಾದರೆ ಎಲ್ಲಿಂದಲೋ 'ಟುಕ್ ಟುಕ್ ಟುಕ್' ಅಂತ ಒಂದೇ ಸಮನೆ ಶಬ್ದ. ಎಷ್ಟೋ ವರ್ಷ ಅದು ಯಾರದೋ ಮನೆಯ ಪಂಪು ಅಂದುಕೊಂಡಿದ್ದೆ. ಅದು ಕಂಚುಗಾರ ಹಕ್ಕಿ! ಗುಬ್ಬಚ್ಚಿಗಿಂತ ಚೂರು ದೊಡ್ಡದು. ಹಸಿರು ಮೈ, ಹಣೆಗೆ ಕುಂಕುಮ ಇಟ್ಟ ಹಾಗೆ ಕೆಂಪು. ಕೂಗುವಾಗ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿರುತ್ತದೆ. ಅದಕ್ಕೇ ಶಬ್ದ ಬರುವ ದಿಕ್ಕು ತಿಳಿಯೋದಿಲ್ಲ. ಎಲೆ ಉದುರಿದ ಮರದ ತುತ್ತತುದಿ ಹುಡುಕಿ, ಸಿಗುತ್ತದೆ. ಇದರ ದೊಡ್ಡಣ್ಣ 'ಕುಟ್ರೂ ಕುಟ್ರೂ' ಅಂತ ತನ್ನ ಹೆಸರನ್ನೇ ಕೂಗುವ ಕುಟ್ರು ಹಕ್ಕಿ. ಎರಡಕ್ಕೂ ಹಣ್ಣು ಬೇಕು. ಹಾಗಾಗಿ ನಿಮ್ಮ ಬೀದಿಯಲ್ಲಿ ಅತ್ತಿ, ಬಸರಿ, ಗಸಗಸೆ ಹಣ್ಣಿನ ಮರ ಎಲ್ಲಿವೆ ಅಂತ ಮೊದಲು ನೋಡಿಕೊಳ್ಳಿ. ಗಸಗಸೆ ಮರವಿದ್ದರೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಬದನಿಕೆ ಹಕ್ಕಿಯೂ ಬರುತ್ತದೆ.

ಕೋಗಿಲೆ ಕೇಳಿರುತ್ತೀರಿ, ಆದರೆ ನೋಡಿದ್ದೀರಾ? 'ಕುಹೂ' ಅನ್ನೋದು ಗಂಡು, ಕಪ್ಪಗೆ, ಕೆಂಪು ಕಣ್ಣು. ಹೆಣ್ಣು ಕಂದು ಮೈ ಮೇಲೆ ಬಿಳಿ ಚುಕ್ಕೆ. ಅದು ಕಾಗೆ ಗೂಡಲ್ಲಿ ಮೊಟ್ಟೆ ಇಡುತ್ತದೆ ಅಂತ ಓದಿದ್ದೆ. ಒಂದು ಜೂನ್ ತಿಂಗಳಲ್ಲಿ ಪಕ್ಕದ ಮನೆ ನೀರಿನ ಟ್ಯಾಂಕಿನ ಮೇಲೆ ಕಾಗೆಯೊಂದು ಕೋಗಿಲೆ ಮರಿಗೆ ತುತ್ತು ಕೊಡೋದನ್ನು ಕಣ್ಣಾರೆ ಕಂಡೆ. ಒಲೆ ಮೇಲಿದ್ದ ಹಾಲು ಉಕ್ಕಿ ಹೋಯ್ತು. ಅವತ್ತಿನ ಖುಷಿ ಇನ್ನೂ ಹಾಗೇ ಇದೆ.

ಒಂದು ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ಹಕ್ಕಿ ಏನು ಮಾಡುತ್ತಿತ್ತು, ಇಷ್ಟೇ. ಹೆಸರು ಗೊತ್ತಿಲ್ಲದಿದ್ದರೆ 'ಬಾಲ ಕುಣಿಸುವ ಹಳದಿ ಹೊಟ್ಟೆಯದು' ಅಂತಲೇ ಬರೆಯಿರಿ. ನಾನು ಹಾಗೆ ಬರೆದಿದ್ದು ಬೂದು ಸಿಪಿಲೆ. ಸೆಪ್ಟೆಂಬರ್ ಹೊತ್ತಿಗೆ ಹಿಮಾಲಯದ ಕಡೆಯಿಂದ ಬಂದು ನಮ್ಮ ತಾರಸಿಯ ನೀರು ನಿಂತ ಜಾಗದಲ್ಲಿ ಓಡಾಡುತ್ತದೆ. ಈಗ ಪ್ರತಿ ವರ್ಷ ಅದರ ದಾರಿ ಕಾಯ್ತೀನಿ. ಕಿಟಕಿಯಿಂದಲೇ ಇಲ್ಲಿವರೆಗೆ 31 ಬಗೆ ಬರೆದಿದ್ದೇನೆ.

ಎರಡು ಮೂರು ತಿಂಗಳಾದ ಮೇಲೂ ಆಸೆ ಹಾಗೇ ಇದ್ದರೆ ದುರ್ಬೀನು ತಗೊಳ್ಳಿ. 8x42 ಅಂತ ಕೇಳಿ. ಅಂದರೆ 8 ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿ.ಮೀ. ಅಗಲ. ಜಾಸ್ತಿ ಪಟ್ಟು ಇದ್ದರೆ ಒಳ್ಳೆಯದು ಅಂತ ಅಂಗಡಿಯಲ್ಲಿ ಹೇಳಬಹುದು. ಕೈ ನಡುಗಿದ್ದೆಲ್ಲ ಅದರಲ್ಲಿ ದೊಡ್ಡದಾಗಿ ಕಾಣುತ್ತದೆ, ಶುರುವಿಗೆ ಬೇಡ.

ಇನ್ನೊಬ್ಬರು:

ಮೇಲಿನವರು ಹೇಳಿದ್ದು ಸರಿ. ಭಾನುವಾರ ಬಿಡುವಾದರೆ ಮಗಳನ್ನೂ ಕರೆದುಕೊಂಡು ಹೆಬ್ಬಾಳ ಕೆರೆಗೋ ಜಕ್ಕೂರು ಕೆರೆಗೋ ಬನ್ನಿ. ಮಕ್ಕಳಿಗೆ ಎಲೆ ಮರೆಯ ಪುಟ್ಟ ಹಕ್ಕಿ ಹುಡುಕೋದು ಬೇಗ ಬೇಜಾರಾಗುತ್ತದೆ. ಹೆಜ್ಜಾರ್ಲೆ ದೊಡ್ಡದು, ತೇಲುತ್ತಾ ಎದುರಿಗೇ ಇರುತ್ತದೆ, ಕೊಕ್ಕಿನ ಕೆಳಗಿನ ಚೀಲ ನೋಡಿದರೆ ನನ್ನ ಮಗ ಇವತ್ತಿಗೂ ಕುಣಿಯುತ್ತಾನೆ. ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯಿಸೋದೂ ಕಾಣುತ್ತದೆ. ಬೆಳಿಗ್ಗೆ ಸೂರ್ಯ ಬೆನ್ನಿಗೆ ಇರುವ ಹಾಗೆ ನಿಂತುಕೊಳ್ಳಿ. ಎದುರು ಬಿಸಿಲಾದರೆ ಎಲ್ಲಾ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ.

ಮತ್ತೊಬ್ಬರು:

ಅಕ್ಕಾ, ಮೊಬೈಲಿನಲ್ಲಿ ಮರ್ಲಿನ್ ಅಂತ ಆ್ಯಪ್ ಇದೆ, ದುಡ್ಡಿಲ್ಲ. ಕೂಗು ಕೇಳಿಸಿಕೊಂಡು ಯಾವ ಹಕ್ಕಿ ಇರಬಹುದು ಅಂತ ಹೇಳುತ್ತದೆ. ಕೆಲವೊಮ್ಮೆ ತಪ್ಪೂ ಹೇಳುತ್ತದೆ, ಕಣ್ಣಿಂದ ನೋಡಿದ ಮೇಲೆ ಬರೆದುಕೊಳ್ಳಿ. ಒಂದೇ ಒಂದು ಕೋರಿಕೆ. ಹಕ್ಕಿ ಹತ್ತಿರ ಬರಲಿ ಅಂತ ಅದರದೇ ಕೂಗನ್ನು ಮೊಬೈಲಿನಲ್ಲಿ ಹಾಕಬೇಡಿ. ಬೇರೆ ಹಕ್ಕಿ ತನ್ನ ಜಾಗಕ್ಕೆ ಬಂತು ಅಂದುಕೊಂಡು ಪಾಪ ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಬಾಲ್ಕನಿಯಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನಾ ತೊಳೆದು ಬದಲಿಸಿ. ನಮ್ಮ ಮನೆಗೆ ಮೊದಲು ಬಂದಿದ್ದು ಜುಟ್ಟಿನ ಪಿಕಳಾರ, ನೀರಿಟ್ಟ ಹನ್ನೊಂದನೇ ದಿನ.