ಹಿಡಿದದ್ದು ಯಾರ ಕೈ? ಹಳೆಯ ಮನೋವೈಜ್ಞಾನಿಕ ಭಯದ ಚಿತ್ರಗಳು ಇಂದಿಗೂ ಏಕೆ ಕಾಡುತ್ತವೆ?

ಪ್ರಶ್ನೆ: ವಿದ್ಯಾನಗರ, ಹುಬ್ಬಳ್ಳಿ

ಮಾನ್ಯರೇ, ಕಳೆದ ತಿಂಗಳು ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ರಾತ್ರಿ, ಕಾಲೇಜಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗನೊಂದಿಗೆ ಕುಳಿತು, ರಾಬರ್ಟ್ ವೈಸ್ ನಿರ್ದೇಶಿಸಿದ 1963ರ ‘ದಿ ಹಾಂಟಿಂಗ್’ ಚಿತ್ರವನ್ನು ನೋಡಿದೆ. ಕಪ್ಪು-ಬಿಳುಪೆಂದು ಮೊದಲು ಮೂಗು ಮುರಿದಿದ್ದ ಹುಡುಗ, ಕತ್ತಲೆ ಕೋಣೆಯ ದೃಶ್ಯ ಬಂದಾಗ ಮೊಬೈಲನ್ನು ಕೆಳಗಿಟ್ಟ. ಎಲೀನರ್ ಎಂಬಾಕೆ ಗೋಡೆಯಾಚೆಯಿಂದ ಬರುವ ಗೊಣಗಾಟವನ್ನು ಕೇಳುತ್ತ ಗೆಳತಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾಳೆ. ಆ ಕೈ ತನ್ನ ಬೆರಳುಗಳನ್ನು ಹಿಸುಕುತ್ತಿದೆ ಎಂದು ಅವಳಿಗೆ ಅನ್ನಿಸುತ್ತದೆ. ದೀಪ ಹತ್ತಿದಾಗ ನೋಡಿದರೆ ಗೆಳತಿ ಕೋಣೆಯ ಇನ್ನೊಂದು ಬದಿಯಲ್ಲಿದ್ದಾಳೆ. ಹಾಗಾದರೆ ಇವಳು ಹಿಡಿದದ್ದು ಯಾರ ಕೈ? ಚಿತ್ರ ಅದನ್ನು ಕೊನೆಯವರೆಗೂ ತೋರಿಸುವುದಿಲ್ಲ. ಆ ರಾತ್ರಿ ಹುಡುಗ ಪಡಸಾಲೆಯ ದೀಪ ಆರಿಸಲು ಬಿಡಲಿಲ್ಲ.

ಆ ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನೇ ಆಧರಿಸಿ 1999ರಲ್ಲಿ ತೆರೆಗೆ ಬಂದ ಇನ್ನೊಂದು ಚಿತ್ರವನ್ನು ಮರುವಾರ ನೋಡಿದೆವು. ಅದರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನಿಂದ ಕೆತ್ತನೆಯ ಮುಖಗಳಿಗೆ ಜೀವ ಬರುತ್ತದೆ, ಪ್ರೇತ ಎದುರಿಗೇ ಬಂದು ನಿಲ್ಲುತ್ತದೆ. ಹುಡುಗ ನಡುವೆಯೇ ಎದ್ದು ಹೋಗಿ ಊಟ ಮುಗಿಸಿ ಬಂದ. ಹಳೆಯದರ ಮೇಲಿನ ನನ್ನ ಒಲವಿಗೆ ವಯಸ್ಸು ಕಾರಣವಿರಬಹುದು, ಆದರೆ ಅವನಿಗೆ ಆ ವಯಸ್ಸಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಸಪ್ತಾಪುರ, ಧಾರವಾಡ

ಬೆಚ್ಚಿಬೀಳುವುದು ಬೇರೆ, ಅಂಜುವುದು ಬೇರೆ. ಹೊಸ ಚಿತ್ರಗಳಲ್ಲಿ ಬಹಳಷ್ಟು ಮೊದಲನೆಯದನ್ನೇ ಎರಡನೆಯದೆಂದು ತಿಳಿದಿವೆ ಎಂಬುದು ನನ್ನ ಅಭಿಪ್ರಾಯ.

ವಾಲ್ ಲ್ಯೂಟನ್ ನಿರ್ಮಿಸಿ ಜಾಕ್ ಟೂರ್ನರ್ ನಿರ್ದೇಶಿಸಿದ 1942ರ ‘ಕ್ಯಾಟ್ ಪೀಪಲ್’ ಚಿತ್ರದ ಒಂದು ದೃಶ್ಯವನ್ನು ನೋಡಿ. ರಾತ್ರಿ ಉದ್ಯಾನದ ಪಕ್ಕದ ರಸ್ತೆಯಲ್ಲಿ ಒಬ್ಬ ಹೆಂಗಸು ನಡೆಯುತ್ತಿದ್ದಾಳೆ, ಇನ್ನೊಬ್ಬಳು ಅವಳನ್ನು ಹಿಂಬಾಲಿಸುತ್ತಿದ್ದಾಳೆ. ಕೇಳಿಸುವುದು ಇಬ್ಬರ ಹಿಮ್ಮಡಿಯ ಸಪ್ಪಳ ಮಾತ್ರ. ಒಂದು ಹಂತದಲ್ಲಿ ಹಿಂದಿನವಳ ಸಪ್ಪಳ ನಿಂತುಬಿಡುತ್ತದೆ. ಮುಂದಿನವಳು ದೀಪದಿಂದ ದೀಪಕ್ಕೆ ಓಡುತ್ತಾಳೆ, ನಾವೂ ಅವಳೊಂದಿಗೆ ಕತ್ತಲೆಯನ್ನು ತಡಕಾಡುತ್ತೇವೆ. ಆಗ ಪಕ್ಕದಿಂದ ‘ಬುಸ್’ ಎಂಬ ಸದ್ದು ಬರುತ್ತದೆ. ಅದು ಬಂದು ನಿಂತ ಬಸ್ಸಿನ ಸದ್ದು. ಇಂದಿನ ಬೆಚ್ಚಿಬೀಳಿಸುವ ತಂತ್ರಕ್ಕೆ ಈ ಬಸ್ಸೇ ಮೂಲವೆಂದು ಹೇಳುವುದುಂಟು. ಆದರೆ ಅಂಜಿಕೆ ಹುಟ್ಟಿದ್ದು ಬಸ್ಸಿನಿಂದಲ್ಲ, ನಿಂತುಹೋದ ಸಪ್ಪಳದಿಂದ; ಬಸ್ಸು ಬಂದಾಗ ಆ ಅಂಜಿಕೆ ಒಡೆಯಿತು, ಅಷ್ಟೇ. ಅನುಸರಿಸಿದವರು ಬಸ್ಸನ್ನು ಮಾತ್ರ ಎತ್ತಿಕೊಂಡು ಸಪ್ಪಳವನ್ನು ಬಿಟ್ಟರು.

ಹಿಚ್‌ಕಾಕರ 1960ರ ‘ಸೈಕೋ’ದ ಸ್ನಾನದ ಮನೆಯ ಕೊಲೆಯಂತೂ ಒಂದು ನಿಮಿಷವೂ ಇಲ್ಲ. ಅದರ ಚಿತ್ರೀಕರಣಕ್ಕೆ ಸುಮಾರು ಒಂದು ವಾರ ಹಿಡಿಯಿತು. ಚಾಕು ಮೈಗೆ ನಾಟುವುದನ್ನು ಕಣ್ಣಾರೆ ಕಂಡೆವೆಂದು ನೋಡಿದವರೆಲ್ಲ ಹೇಳುತ್ತಾರೆ, ಆದರೆ ತುಂಡು ತುಂಡು ದೃಶ್ಯಗಳನ್ನು ಜೋಡಿಸಿ ಗಾಯವನ್ನು ಮಾಡಿಕೊಂಡದ್ದು ನಮ್ಮ ಮನಸ್ಸೇ. ಬರ್ನಾರ್ಡ್ ಹರ್ಮನ್ ಇಡೀ ಚಿತ್ರದ ಸಂಗೀತಕ್ಕೆ ತಂತಿವಾದ್ಯಗಳನ್ನಷ್ಟೇ ಬಳಸಿದರು. ಆ ಪಿಟೀಲಿನ ಕಿರುಚಾಟವನ್ನು ತೆಗೆದು ನೋಡಿದರೆ ದೃಶ್ಯದ ಅರ್ಧ ಜೀವ ಹೋಗುತ್ತದೆ.

ಉತ್ತರ 2: ಬೆಟಗೇರಿ, ಗದಗ

ಸಪ್ತಾಪುರದ ಹಿರಿಯರ ಮಾತನ್ನು ಒಪ್ಪುತ್ತಲೇ ಒಂದು ತಕರಾರನ್ನು ಮುಂದಿಡುತ್ತೇನೆ. ರಾಶಿಯನ್ನು ಗಾಳಿಗೆ ತೂರಿದ ಮೇಲೆ ಉಳಿದ ಕಾಳನ್ನು, ಇನ್ನೂ ತೂರದೆ ಇರುವ ರಾಶಿಯ ಜೊತೆ ಹೋಲಿಸುವುದು ನ್ಯಾಯವಲ್ಲ. 1960ರ ದಶಕದಲ್ಲಿಯೂ ಹೊಟ್ಟು ಬೇಕಾದಷ್ಟಿತ್ತು, ಅದನ್ನು ನಾವಿಂದು ನೋಡುವುದಿಲ್ಲ. 2001ರ ‘ದಿ ಅದರ್ಸ್’ ಮುಚ್ಚಿದ ಪರದೆ ಮತ್ತು ಬೀಗ ಹಾಕಿದ ಬಾಗಿಲುಗಳಿಂದಲೇ ಹೆದರಿಸಿತಲ್ಲವೇ? ನೋಡುವ ಬಗೆಯೂ ಬದಲಾಗಿದೆ. ‘ಸೈಕೋ’ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಹಿಚ್‌ಕಾಕ್ ಚಿತ್ರಮಂದಿರಗಳಿಗೆ ಕಟ್ಟಪ್ಪಣೆ ಮಾಡಿದ್ದರು. ನಾವಾದರೋ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ, ಅಂಗೈಯಗಲದ ಪರದೆಯ ಮೇಲೆ, ಅಣ್ಣಿಗೇರಿಯಲ್ಲಿ ನಿಲ್ಲಿಸಿ ಊರು ದಾಟಿದ ಮೇಲೆ ಮುಂದುವರಿಸುತ್ತೇವೆ. ಹಾಗೆ ನೋಡಿದರೆ ಯಾವ ಅಂಜಿಕೆ ಹೆಪ್ಪುಗಟ್ಟೀತು?

ಉತ್ತರ 3: ಹಾವೇರಿ

ಎಲ್ಲರೂ ಇಂಗ್ಲಿಷ್ ಚಿತ್ರಗಳನ್ನೇ ಹೆಸರಿಸಿದ್ದೀರಿ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1970ರ ದಶಕದ ಆರಂಭದಲ್ಲಿ ತೆರೆಗೆ ತಂದ ‘ಶರಪಂಜರ’ವನ್ನು ಯಾರೂ ಭಯದ ಚಿತ್ರವೆಂದು ಕರೆಯುವುದಿಲ್ಲ, ಅದರಲ್ಲಿ ದೆವ್ವವೂ ಇಲ್ಲ, ಕೊಲೆಯೂ ಇಲ್ಲ. ಆದರೂ ನನ್ನನ್ನು ಅದರಷ್ಟು ಅಂಜಿಸಿದ ಚಿತ್ರ ಇನ್ನೊಂದಿಲ್ಲ. ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳಿದ ಕಾವೇರಿ ಏನು ಮಾಡಿದರೂ ಸುತ್ತಲಿನವರು ಅದರಲ್ಲಿ ಹುಚ್ಚನ್ನೇ ಹುಡುಕುತ್ತಾರೆ. ನಕ್ಕರೆ ಸಂಶಯ, ಸಿಟ್ಟಾದರೆ ಸಂಶಯ. ತಾನು ನೆಟ್ಟಗಿದ್ದೇನೆಂದು ಆಕೆ ಹೇಳಿದಷ್ಟೂ ಜನರ ಕಣ್ಣು ಬೇರೆಯಾಗುತ್ತದೆ. ಕಲ್ಪನಾ ಅವರ ಮುಖದಲ್ಲಿ ಆ ಅರಿವು ನಿಧಾನವಾಗಿ ಇಳಿಯುವುದನ್ನು ನೋಡುವಾಗ, ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ನನ್ನ ಅವ್ವ ಅಕ್ಕಿ ಆರಿಸುವುದನ್ನೇ ಮರೆತಿದ್ದಳು. ಹೊರಗಿನ ಪ್ರೇತಕ್ಕೆ ಬಾಗಿಲು ಹಾಕಿಕೊಳ್ಳಬಹುದು, ಮನೆಯವರ ನೋಟಕ್ಕೆ ಯಾವ ಬಾಗಿಲಿದೆ?

ಪ್ರಶ್ನೆ ಕೇಳಿದವರಿಂದ: ವಿದ್ಯಾನಗರ, ಹುಬ್ಬಳ್ಳಿ

ಮೂವರಿಗೂ ಮನಃಪೂರ್ವಕ ವಂದನೆಗಳು. ಬೆಟಗೇರಿಯವರ ತಕರಾರು ನ್ಯಾಯವಾದದ್ದು, ‘ದಿ ಅದರ್ಸ್’ ನೋಡಿಯೇ ಮುಂದಿನ ಮಾತು ಆಡುತ್ತೇನೆ. ಅದಕ್ಕೂ ಮೊದಲು, ಬರುವ ಶನಿವಾರ ‘ಶರಪಂಜರ’. ಹುಡುಗನ ಜೊತೆಗೆ ಈ ಸಲ ಅಕ್ಕನನ್ನೂ ಕರೆದಿದ್ದೇನೆ. ಮೊಬೈಲುಗಳನ್ನು ದೇವರ ಕೋಣೆಯ ಗೂಡಿನಲ್ಲಿಟ್ಟು ಬರಬೇಕೆಂದು ಇಬ್ಬರಿಗೂ ಹೇಳಿದ್ದೇನೆ.