ಆಗುಂಬೆ ಘಾಟಿ ಏರಿದ ಮೇಲೆ ಆಯಿಲ್ ದೀಪ ಮಿನುಗುತ್ತದೆ: ಇಂಜಿನ್ ಇಳಿಸಲೇಬೇಕೇ?

ಸೋಮೇಶ್ವರದವ

ಹೆಬ್ರಿ ದಾಟಿ ಘಾಟಿ ಹತ್ತುವ ಮೊದಲು ಸಿಗುವ ಸೋಮೇಶ್ವರ ನಮ್ಮೂರು. ಮನೆಯಲ್ಲಿರುವುದು ಎರಡೂವರೆ ಲೀಟರಿನ ಟರ್ಬೊ ಡೀಸೆಲ್ ಜೀಪು, ನಾಲ್ಕೂ ಗಾಲಿಗೆ ಶಕ್ತಿ ಹೋಗುವಂಥದ್ದು. 1,62,000 ಕಿಲೋಮೀಟರ್ ಓಡಿದೆ. ತಂದೆಯವರು ಕೊಂಡ ಗಾಡಿ. ರಸ್ತೆಯಿಂದ ತೋಟಕ್ಕೆ ಮುಕ್ಕಾಲು ಕಿಲೋಮೀಟರ್ ಜೇಡಿಮಣ್ಣಿನ ಏರು; ಆಟಿ ತಿಂಗಳ ಮಳೆಗೆ ಬೇರೆ ಯಾವ ವಾಹನವೂ ಅಲ್ಲಿ ಹತ್ತುವುದಿಲ್ಲ. ತಾಯಿಯವರನ್ನು ತಿಂಗಳಿಗೊಮ್ಮೆ ಮಣಿಪಾಲಕ್ಕೆ ತೋರಿಸಲು ಕರೆದೊಯ್ಯುವುದೂ ಇದರಲ್ಲೇ. ಹಾಗಾಗಿ ಇದು ನಿಂತರೆ ನಮ್ಮ ಮನೆಯೇ ನಿಂತಂತೆ.

ಆಗುಂಬೆಯ 14 ತಿರುವು ಏರಿ ಪೇಟೆಯಲ್ಲಿ ನಿಲ್ಲಿಸಿದಾಗ, ಇಂಜಿನ್ ಐಡ್ಲಿಂಗಿನಲ್ಲಿರುವಾಗ ಆಯಿಲ್ ಒತ್ತಡ ಕುಸಿದರೆ ಹೊತ್ತುವ ಕೆಂಪು ದೀಪ ಮಿನುಗುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರುತ್ತದೆ. ಇನ್ನೊಂದು, ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ದೀಪ ಆರಲು ಐದಾರು ಸೆಕೆಂಡ್ ಹಿಡಿಯುತ್ತದೆ, ಅಷ್ಟು ಹೊತ್ತು ಇಂಜಿನ್ನಿನ ಮೇಲ್ಭಾಗದಲ್ಲಿ ಟಕಟಕ ಸದ್ದು. ಕಳೆದ ಸರ್ವಿಸಿನಲ್ಲಿ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದ ನಂತರವೇ ಇದು ಶುರುವಾದದ್ದು. ಆಯಿಲ್ 15ಡಬ್ಲ್ಯು-40. ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೆರೆಯ ಹತ್ತಿರವೇ ಇದೆ.

ಗ್ಯಾರೇಜಿನವರು ದೀಪವನ್ನು ನೋಡಿದ ಕೂಡಲೇ, "ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು, 60,000 ರೂಪಾಯಿ ಇಟ್ಟುಕೊಳ್ಳಿ" ಎಂದರು. ಅಡಿಕೆ ಮಾರಿದ ಹಣದಲ್ಲಿ ಅಷ್ಟು ಈಗ ಕೈಯಲ್ಲಿಲ್ಲ. ನಿಜವಾಗಿಯೂ ಬೇಕಾದರೆ ಸಾಲ ಮಾಡಿಯಾದರೂ ಮಾಡಿಸುತ್ತೇನೆ. ಬೇಕೇ ಎಂಬುದನ್ನು ತಿಳಿಯುವುದು ಹೇಗೆ?

ಕಾರ್ಕಳದ ನಾಲ್ಕು ಗಾಲಿ

20ಡಬ್ಲ್ಯು-50 ಹಾಕಿಸಿ. ದಪ್ಪ ಆಯಿಲ್ ಬಿದ್ದರೆ ದೀಪ ಆರುತ್ತದೆ. ನಮ್ಮ ಹಳೆಯ ಜೀಪಿಗೆ ಹಾಗೆಯೇ ಮಾಡಿದ್ದೆವು, ಎರಡು ವರ್ಷ ಓಡಿತು.

ಮಲ್ಪೆ ಬಂದರು

ಕಾರ್ಕಳದವರೇ, ಜ್ವರಕ್ಕೆ ಥರ್ಮಾಮೀಟರ್ ಒಡೆದು ಹಾಕಿದಂತಾಯಿತು ಅದು. ದಪ್ಪ ಆಯಿಲ್ ಹಾಕಿದರೆ ಒತ್ತಡ ಏರುವುದು ನಿಜ, ಆದರೆ ಒತ್ತಡ ಏರುವುದು ಆಯಿಲ್ ಹರಿಯಲು ಕಷ್ಟಪಡುತ್ತಿರುವುದರಿಂದ. ಬೆಳಗಿನ ತಂಪಿನಲ್ಲಿ ಅದು ಫಿಲ್ಟರಿನ ಕಾಗದದೊಳಗೆ ಸುಲಭವಾಗಿ ನುಗ್ಗುವುದಿಲ್ಲ. ಆಗ ಬೈಪಾಸ್ ವಾಲ್ವ್ ತೆರೆದುಕೊಂಡು, ಸೋಸದ ಆಯಿಲ್ ನೇರವಾಗಿ ಬೇರಿಂಗಿಗೆ ಹೋಗುತ್ತದೆ. ಬೇರಿಂಗನ್ನು ಉಳಿಸಲು ಹೊರಟು ಅದಕ್ಕೇ ಕಸ ಉಣಿಸಿದಂತೆ.

ಸೋಮೇಶ್ವರದವರೇ, ನಾನು ಬೋಟಿನ ಇಂಜಿನ್ ಕೆಲಸದವನು. 22 ವರ್ಷಗಳಿಂದ ಮಲ್ಪೆಯಲ್ಲೇ ಇದ್ದೇನೆ. ನಡುಗಡಲಿನಲ್ಲಿ ಇಂಜಿನ್ ಹಿಡಿದುಕೊಂಡರೆ ಬೋಟಿನಲ್ಲಿ ಇರುವವರ ಗತಿ ಏನು ಎಂದು ಯೋಚಿಸಿ. ಆದ್ದರಿಂದ ನಾವು ದೀಪವನ್ನು ನಂಬುವುದಿಲ್ಲ, ಮುಳ್ಳಿರುವ ಗೇಜನ್ನು ನಂಬುತ್ತೇವೆ. ನಿಮ್ಮ ದೀಪಕ್ಕೆ ಗೊತ್ತಿರುವುದು ಎರಡೇ ಮಾತು: ಇದೆ, ಇಲ್ಲ. ಬ್ಲಾಕಿನಲ್ಲಿ ಕೂತಿರುವ ಸ್ವಿಚ್ಚೇ ಕೆಟ್ಟಿದ್ದರೆ, ಒತ್ತಡ ಸಾಕಷ್ಟಿದ್ದರೂ ಅದು "ಇಲ್ಲ" ಎನ್ನಬಹುದು.

ಮೊದಲು ಆ ಸ್ವಿಚ್ಚನ್ನು ಬಿಚ್ಚಿ, ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಕೂರಿಸಿ. ಥ್ರೆಡ್ ಸರಿಹೊಂದುವ ಅಡಾಪ್ಟರ್ ಯಾವುದಾದರೂ ಲೇತ್‌ನಲ್ಲಿ ಮಾಡಿಕೊಡುತ್ತಾರೆ. ಮೂರು ಅಂಕಿ ಬರೆದಿಟ್ಟುಕೊಳ್ಳಿ: ತಣ್ಣಗಿರುವಾಗ ಐಡ್ಲಿಂಗಿನಲ್ಲಿ ಎಷ್ಟು, ಘಾಟಿ ಏರಿ ಚೆನ್ನಾಗಿ ಕಾದ ಮೇಲೆ ಐಡ್ಲಿಂಗಿನಲ್ಲಿ ಎಷ್ಟು, ಅದೇ ಬಿಸಿಯಲ್ಲಿ 2000 ಆರ್‌ಪಿಎಂನಲ್ಲಿ ಎಷ್ಟು. ತಣ್ಣಗಿನ ಅಂಕಿ ನೋಡಿ ಸಮಾಧಾನ ಪಡಬೇಡಿ. ಆಗ ಎಲ್ಲ ಇಂಜಿನ್ನೂ ಪೈಲ್ವಾನನೇ. ಗೇಜಿನಲ್ಲೂ ಒತ್ತಡ ಕುಸಿದಿದ್ದರೆ ಆ ಕ್ಷಣವೇ ಬಂದ್ ಮಾಡಿ, ಎಳೆದುಕೊಂಡು ಬನ್ನಿ.

ಬೆಳಗಿನ ಐದಾರು ಸೆಕೆಂಡಿನ ಕಥೆ ಬೇರೆ. ನಿಮ್ಮ ಫಿಲ್ಟರ್ ಹೇಗೆ ಕೂತಿದೆ? ಅಡ್ಡವಾಗಿಯೋ, ಬಾಯಿ ಕೆಳಗಾಗಿಯೋ?

ಸೋಮೇಶ್ವರದವ

ಅಣ್ಣ, ಅಡ್ಡವಾಗಿ ಕೂತಿದೆ, ಬಾಯಿ ಸ್ವಲ್ಪ ಕೆಳಕ್ಕೆ ವಾಲಿದೆ. ಹಿಂದೆ ಹಾಕುತ್ತಿದ್ದ ಫಿಲ್ಟರ್ ಆ ದಿನ ಸಿಗಲಿಲ್ಲವೆಂದು ಗ್ಯಾರೇಜಿನವರು ಬೇರೆ ಯಾವುದೋ ಹಾಕಿದ್ದರು. ಬೆಲೆ ಅರ್ಧ.

ಮಲ್ಪೆ ಬಂದರು

ಹಾಗಾದರೆ ಆ ಅರ್ಧ ಬೆಲೆಯೇ ಟಕಟಕ ಎನ್ನುತ್ತಿರಬಹುದು. ಫಿಲ್ಟರಿನ ಬಾಯಿಯ ಸುತ್ತಲಿನ ತೂತುಗಳ ಹಿಂದೆ ತೆಳ್ಳಗಿನ ರಬ್ಬರ್ ತಟ್ಟೆಯೊಂದು ಇರುತ್ತದೆ. ಇಂಜಿನ್ ನಿಂತ ಮೇಲೆ ಫಿಲ್ಟರಿನೊಳಗಿನ ಆಯಿಲ್ ಹಿಂದಕ್ಕೆ ಇಳಿದು ಇಂಜಿನ್ನಿನ ಅಡಿಯಲ್ಲಿರುವ ಆಯಿಲ್ ಚೇಂಬರ್ ಸೇರದಂತೆ ತಡೆಯುವುದು ಅದರ ಕೆಲಸ. ಬಾಯಿ ಮೇಲಿರುವ ಫಿಲ್ಟರಿಗೆ ಅದು ಇಲ್ಲದಿದ್ದರೂ ಹೇಗೋ ನಡೆಯುತ್ತದೆ, ನಿಮ್ಮದರಂತೆ ವಾಲಿರುವುದಕ್ಕೆ ಬೇಕೇ ಬೇಕು. ಆ ರಬ್ಬರ್ ಗಡುಸಾದರೆ ರಾತ್ರಿಯಿಡೀ ಆಯಿಲ್ ಇಳಿದು ಫಿಲ್ಟರ್ ಖಾಲಿಯಾಗುತ್ತದೆ. ಬೆಳಿಗ್ಗೆ ಪಂಪ್ ಮೊದಲು ಆ ಡಬ್ಬಿಯನ್ನು ತುಂಬಿಸಿ, ಆಮೇಲಷ್ಟೇ ಮೇಲಕ್ಕೆ ಕಳಿಸಬೇಕು. ಅಷ್ಟು ಸೆಕೆಂಡ್ ಕ್ರ್ಯಾಂಕ್ ಮತ್ತು ಟರ್ಬೊ ಒಣಗಿದ ಬಾಯಲ್ಲಿ ತಿರುಗುತ್ತವೆ. ದಿನಾ ಹೀಗಾದರೆ ಸವೆತ ತಪ್ಪದು.

ಹಳೆಯ ಫಿಲ್ಟರ್ ಬಿಚ್ಚಿದ ಮೇಲೆ ಎಸೆಯಬೇಡಿ, ಕತ್ತರಿಸಿ ನೋಡಿ. ಹೊಸದನ್ನು ಹಾಕುವಾಗ ಹಳೆಯದರ ರಬ್ಬರ್ ಉಂಗುರ ಬ್ಲಾಕಿಗೆ ಅಂಟಿಕೊಂಡಿಲ್ಲವೆಂದು ಬೆರಳಾಡಿಸಿ ನೋಡಿ. ಉಂಗುರದ ಮೇಲೆ ಉಂಗುರ ಕೂತರೆ ದಾರಿಯಲ್ಲೇ ಅಷ್ಟೂ ಆಯಿಲ್ ಚೆಲ್ಲಿಹೋಗುತ್ತದೆ.

ಬೈಕಂಪಾಡಿ ಲೇತ್

ಕತ್ತರಿಸುವಾಗ ಗರಗಸ ಹಾಕಬೇಡಿ. ಗರಗಸದ ಪುಡಿಯೇ ಒಳಗೆ ಬಿದ್ದು, ಇಂಜಿನ್ನಿನ ಲೋಹವೆಂದು ನಿಮ್ಮನ್ನು ಹೆದರಿಸುತ್ತದೆ. ಪೈಪ್ ಕಟರಿನಂತೆ ಸುತ್ತ ತಿರುಗಿಸಿ ಕತ್ತರಿಸುವ ಸಾಧನ ಇದ್ದರೆ ಒಳ್ಳೆಯದು. ಆಮೇಲೆ ಮಡಿಕೆ ಕಾಗದವನ್ನು ಹೊರತೆಗೆದು, ಹಿಂಡಿ, ಬಿಸಿಲಿನಲ್ಲಿ ಬಿಡಿಸಿ ನೋಡಿ. ಡೀಸೆಲ್ ಇಂಜಿನ್ ಆದ್ದರಿಂದ ಮಸಿಯಿಂದ ಕಪ್ಪಾಗಿರುತ್ತದೆ, ಅದಕ್ಕೆ ಗಾಬರಿ ಬೇಡ. ನೋಡಬೇಕಾದದ್ದು ಮಿನುಗುವ ಚೂರುಗಳನ್ನು. ಮ್ಯಾಗ್ನೆಟ್ ಹಿಡಿದು ಏನೂ ಅಂಟಲಿಲ್ಲವೆಂದು ಬಿಟ್ಟುಬಿಡಬೇಡಿ: ಬೇರಿಂಗಿನ ಮೇಲ್ಪದರದ ಲೋಹವಾಗಲಿ, ಅದರಡಿಯ ತಾಮ್ರದ ಬಣ್ಣದ ಪದರವಾಗಲಿ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಕ್ರ್ಯಾಂಕ್ ಗ್ರೈಂಡಿಂಗಿಗೆ ನನ್ನಲ್ಲಿಗೆ ಬರುವ ಇಂಜಿನ್ನುಗಳ ಫಿಲ್ಟರ್ ತೆರೆದಾಗ ಆ ತಾಮ್ರದ ಹೊಳಪು ಕಾಣಿಸುತ್ತದೆ.

ಇನ್ನೆರಡು ಪರೀಕ್ಷೆ. ದೀಪ ಮಿನುಗುವಾಗ ಸ್ವಿಚ್ಚಿನ ವಯರ್ ಕಳಚಿ. ಆಗಲೂ ಮಿನುಗಿದರೆ ವಯರ್ ಎಲ್ಲೋ ಉಜ್ಜಿ ಬಾಡಿಗೆ ತಾಗುತ್ತಿದೆ ಎಂದರ್ಥ. ಇನ್ನು ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ದಿನೇ ದಿನೇ ಏರುತ್ತಿದೆಯೇ, ಡೀಸೆಲ್ ವಾಸನೆ ಇದೆಯೇ ನೋಡಿ. ಇಂಜೆಕ್ಟರಿನಿಂದಲೋ ಪಂಪಿನ ಸೀಲಿನಿಂದಲೋ ಡೀಸೆಲ್ ಸೋರಿ ಆಯಿಲ್ ತೆಳುವಾದರೆ, ಬಿಸಿಯಲ್ಲಿ ಒತ್ತಡ ಬೀಳುತ್ತದೆ. ಬೇರಿಂಗ್ ಬದಲಾಯಿಸಿದರೆ ಅದು ಸರಿಹೋಗುವುದಿಲ್ಲ.

ಆ ಮಣ್ಣಿನ ಏರಿನಲ್ಲಿ ಹತ್ತುವಾಗ ಮಾತ್ರ ದೀಪ ಹೊತ್ತುವುದುಂಟೇ? ಗಾಡಿ ಅಷ್ಟು ವಾಲಿದಾಗ ಚೇಂಬರಿನ ಆಯಿಲ್ ಹಿಂದಕ್ಕೆ ಸರಿಯುತ್ತದೆ. ಮಟ್ಟ ಕಡಿಮೆ ಇದ್ದರೆ ಸ್ಟ್ರೈನರ್ ಗಾಳಿ ಎಳೆಯುತ್ತದೆ. ನಿಮ್ಮಂಥವರು ಕೆಳಗಿನ ಗೆರೆಯವರೆಗೆ ಕಾಯಬಾರದು.

ಸೋಮೇಶ್ವರದವ

ಎರಡು ವಾರ ತಡವಾಯಿತು, ಕ್ಷಮಿಸಿ. ಏರಿನಲ್ಲಿ ದೀಪ ಹೊತ್ತುವುದಿಲ್ಲ. ಡೀಸೆಲ್ ವಾಸನೆ ಇಲ್ಲ, ಮಟ್ಟ ಏರಿಲ್ಲ. ವಯರ್ ಕಳಚಿದಾಗ ಮಿನುಗು ನಿಂತಿತು.

ಸಂತೆಕಟ್ಟೆಯ ಲೇತ್ ಒಂದರಲ್ಲಿ ಅಡಾಪ್ಟರ್ ಮಾಡಿಸಿ ಗೇಜ್ ಕೂರಿಸಿದೆ. ತಣ್ಣಗಿರುವಾಗ ಐಡ್ಲಿಂಗಿನಲ್ಲಿ 3.8 ಬಾರ್. ಆಗುಂಬೆ ಪೇಟೆಯಲ್ಲಿ, ಬಾನೆಟ್ ಮುಟ್ಟಲಾಗದಷ್ಟು ಬಿಸಿಯಲ್ಲಿ, ಐಡ್ಲಿಂಗಿನಲ್ಲಿ 1.1. ಅದೇ ಬಿಸಿಯಲ್ಲಿ 2000 ಆರ್‌ಪಿಎಂಗೆ 3.4. ಮೂರು ದಿನ, ಮೂರು ಸಲ ಏರಿ ನೋಡಿದೆ, ಹೆಚ್ಚುಕಡಿಮೆ ಇದೇ ಅಂಕಿ. ಮೂರನೆಯ ದಿನ ತಾಯಿಯವರೂ ಜೊತೆಗಿದ್ದರು. ಮುಳ್ಳು 1.1ರಲ್ಲಿ ಅಲುಗಾಡದೆ ನಿಂತದ್ದನ್ನು ನೋಡಿ ನನಗೆ ಆದ ನೆಮ್ಮದಿ ಅವರಿಗೆ ಅರ್ಥವಾಗಲಿಲ್ಲ, ಆದರೆ ನನ್ನ ಮುಖ ನೋಡಿ ಅವರೂ ನಕ್ಕರು.

ಫಿಲ್ಟರ್ ಕತ್ತರಿಸಿದೆ. ಕಾಗದದಲ್ಲಿ ಹೊಳಪು ಇಲ್ಲ, ಬರೀ ಮಸಿ. ರಬ್ಬರ್ ತಟ್ಟೆ ಮಾತ್ರ ಹಪ್ಪಳದಂತೆ ಗಡುಸಾಗಿ, ಒಂದು ಅಂಚು ಮೇಲೆದ್ದಿತ್ತು. ಹಾಕಿ ಐದು ತಿಂಗಳೂ ಆಗಿರಲಿಲ್ಲ. ಮೊದಲಿನ ಫಿಲ್ಟರನ್ನೇ ಹುಡುಕಿ ತಂದು ಹಾಕಿದೆ. ಈಗ ಬೆಳಿಗ್ಗೆ ಒಂದೆರಡು ಸೆಕೆಂಡಿನಲ್ಲೇ ಗೇಜಿನ ಮುಳ್ಳು ಏಳುತ್ತದೆ, ಟಕಟಕ ಇಲ್ಲ.

ಬೈಕಂಪಾಡಿ ಲೇತ್

1000 ಆರ್‌ಪಿಎಂಗೆ 0.7 ಬಾರ್, ಅಂದರೆ 10 ಪಿಎಸ್‌ಐ ಇರಬೇಕೆಂಬ ಹಳೆಯ ಲೆಕ್ಕವಿದೆ. ನಿಮ್ಮ ಅಂಕಿಗಳು ಅದಕ್ಕಿಂತ ಧಾರಾಳವಾಗಿ ಮೇಲಿವೆ. ಗಾಡಿಯ ಕೈಪಿಡಿಯಲ್ಲಿ ಕೊಟ್ಟ ಅಂಕಿಯೊಂದಿಗೂ ಹೋಲಿಸಿ ನೋಡಿ, ಅದೇ ಕೊನೆಯ ಮಾತು. ಈ ಒತ್ತಡಕ್ಕೆ, ಈ ಫಿಲ್ಟರಿಗೆ ನಾನಂತೂ ಇಂಜಿನ್ ಇಳಿಸುವುದಿಲ್ಲ, ಆ ಕೆಲಸ ನನ್ನ ಅನ್ನವಾದರೂ. ಹೊಸ ಸ್ವಿಚ್ ಹಾಕಿಸಿ.

ಸೋಮೇಶ್ವರದವ

ಸ್ವಿಚ್ ತಂದಿದ್ದೇನೆ. ಆದರೆ ಗೇಜನ್ನು ತೆಗೆಯಲು ಮನಸ್ಸಿಲ್ಲ. ಎರಡನ್ನೂ ಇಟ್ಟುಕೊಳ್ಳಬಹುದೇ?

ಮಲ್ಪೆ ಬಂದರು

ಖಂಡಿತ. ಟಿ ಆಕಾರದ ಕೊಂಡಿ ಹಾಕಿ ಒಂದು ಬದಿಗೆ ಸ್ವಿಚ್, ಇನ್ನೊಂದು ಬದಿಗೆ ಗೇಜ್. ಆದರೆ ಕೊಂಡಿಯ ಭಾರವೆಲ್ಲ ಬ್ಲಾಕಿನ ಸಣ್ಣ ಥ್ರೆಡ್ಡಿನ ಮೇಲೆ ಬೀಳದಂತೆ ಕ್ಲ್ಯಾಂಪ್ ಕೊಡಿ. ಗೇಜಿಗೆ ತಾಮ್ರದ ಕೊಳವೆ ಬೇಡ, ನಿಮ್ಮ ಮಣ್ಣಿನ ದಾರಿಯ ಅಲುಗಾಟಕ್ಕೆ ಬುಡದಲ್ಲಿ ಬಿರುಕು ಬಿಡುತ್ತದೆ. ತಂತಿ ಹೆಣೆದ ಹೋಸ್ ಹಾಕಿಸಿ, ಸೈಲೆನ್ಸರಿನ ಬಿಸಿಗೆ ತಾಗದಂತೆ ದೂರದಿಂದ ತನ್ನಿ.