ಬೆಳ್ಳಿ ಕಡಗಕ್ಕೆ ಯಾವ ಟಾರ್ಚ್, ಯಾವ ನಳಿಕೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಮನೆಯಲ್ಲೇ ಬೆಳ್ಳಿ ಒಡವೆ ಮಾಡ್ತೀನಿ. ಇರೋದು ಕೈಯಲ್ಲಿ ಹಿಡಿಯೋ ಬ್ಯೂಟೇನ್ ಟಾರ್ಚ್ (ಗ್ಯಾಸಿನಿಂದ ಉರಿಯೋದು). ಉಂಗುರ, ಓಲೆಗೆ ಸಾಕು. ಮೊನ್ನೆ ದಪ್ಪ ಕಡಗಕ್ಕೆ ಬೆಸುಗೆ ಹಾಕೋಕೆ ಹೋಗಿ ಸುಸ್ತಾದೆ. ಬೆಸುಗೆ ಹರೀಲಿ ಅಂತ ಹಚ್ಚಿದ್ದ ಬಿಳಿಗಾರ ಉಬ್ಬಿ, ಕರಗಿ ಗಾಜಿನ ಥರ ಆಯ್ತು, ಬೆಸುಗೆ ಮಾತ್ರ ಜಪ್ಪಯ್ಯ ಅಂದ್ರೂ ಹರಿಯಲಿಲ್ಲ. ಬೆಳ್ಳಿ ಶಾಖವನ್ನೆಲ್ಲ ಎಳ್ಕೊಂಡು ಹರಡಿಬಿಡುತ್ತೆ, ಇಡೀ ಕಡಗ ಕಾಯ್ಬೇಕು ಅಂತ ಗೊತ್ತು. ಚೂಪು ಉರಿ ಒಂದೇ ಕಡೆ ಹಿಡಿದ್ರೆ ಬೆಳ್ಳಿಯೇ ಕರಗೋ ಭಯ. ಸಾಲದ್ದಕ್ಕೆ ಈ ಚಳೀಲಿ ಬ್ಯೂಟೇನ್ ಒತ್ತಡವೂ ಬರಲ್ಲ.

5 ಕೆಜಿ ಎಲ್‌ಪಿಜಿ ಸಿಲಿಂಡರಿಗೆ ಟಾರ್ಚ್ ಹಾಕ್ಸೋಣ ಅಂತಿದೀನಿ. ಜೊತೆಗೆ ಆಕ್ಸಿಜನ್ ಸಿಲಿಂಡರ್ ಬೇಡ, ಅಮ್ಮ ಮನೆಯೊಳಗೆ ಬಿಡಲ್ಲ. ಕಡಗಕ್ಕೆ ಎಷ್ಟು ಅಗಲದ ನಳಿಕೆ ಬೇಕು? ರೆಗ್ಯುಲೇಟರ್ ಯಾವುದು? ಹಾಸನ, ಚಿಕ್ಕಮಗಳೂರಲ್ಲಿ ನಳಿಕೆ ಬಿಡಿಯಾಗಿ ಎಲ್ಲಿ ಸಿಗುತ್ತೆ?